ಹಾರೀತಿಗೆ ತುಂಬದೆ ಉಳಿದ ಉಡಿ

ಅದು ಗುಡಿ ಎಂದು ಹೇಳಿದವಳು ನಾನೇ. ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಅಲ್ಲಿ ದೇವರಂತೆ ಕೂತವರಿದ್ದಾರೆ, ಕಲ್ಲಿನ ಕಂಬಗಳಿವೆ, ಚಪ್ಪಲಿ ಹೊರಗೆ ಬಿಡಬೇಕು. ಗುಡಿ ಅನ್ನಲು ಇನ್ನೇನು ಬೇಕು? ಪೂಜಾರಿ ಇಲ್ಲ, ಗಂಟೆ ಇಲ್ಲ, ವಿಭೂತಿ ಇಲ್ಲ, ಪ್ರಸಾದ ಇಲ್ಲ ಎಂಬುದನ್ನು ನಾನು ಹೇಳಲಿಲ್ಲ, ಅಷ್ಟೇ. ಯಾರೂ ಕೇಳಲೂ ಇಲ್ಲ.

ಹೇಳಬೇಕಾಗಿ ಬಂದದ್ದು ಮೊಮ್ಮಗಳ ಸಲುವಾಗಿ. ನನ್ನ ಮಗಳ ಮಗಳು. ರಾಯಚೂರಿನಲ್ಲಿ ಇತಿಹಾಸ ಓದಿದಳು, ಆಮೇಲೆ ಗೈಡ್ ಕೆಲಸದ ತರಬೇತಿ ಪಡೆದಳು. ತರಬೇತಿ ಮುಗಿದು ವರ್ಷವಾಯಿತು. ತೋರಿಸಲು ಊರುಗಳಿದ್ದವು, ನೋಡಲು ಮಂದಿ ಇರಲಿಲ್ಲ. ಕಡೆಗೆ ರಾಯಚೂರಿನ ಗಾಡಿ ಮಾಲೀಕನೊಬ್ಬ ಒಪ್ಪಿದ. ಅವನ ಗಾಡಿಗಳು ಕೆಲಸದ ದಿನ ಶಕ್ತಿನಗರದ ಕರೆಂಟಿನ ಕಾರ್ಖಾನೆಗೆ ಪಾಳಿಯ ಕೆಲಸಗಾರರನ್ನು ಹೊತ್ತು ತಿರುಗುತ್ತವೆ, ರಜೆ ಬಂದರೆ ಯಾತ್ರೆಯವರನ್ನು. ಅವನು ಇವಳಿಗೆ ಹೀಗೆ ಹೇಳಿದನಂತೆ:

"ಒಂದ್ ಗಾಡಿ ಹೆಣ್ಮಕ್ಕಳನ್ನ ಕೂಡಿಸ್ಕೊಂಡು ಅಜಂತಾಕ್ಕ ಹೋಗಿ ಬಾ. ನಮ್ಮವ್ವನೂ ಬರ್ತಾಳ. ಆಕಿ ಛಲೋ ಆತು ಅಂದ್ರ ಕೆಲಸ ನಿಂದು. ಆಕಿ ಮಾರಿ ಸಿಂಡರಿಸಿದ್ರ, ಯವ್ವಾ, ನಾ ಏನೂ ಮಾಡಾಕ ಬರಂಗಿಲ್ಲ."

ಹುಡುಗಿ ಮಾನ್ವಿಗೆ ಬಂದು ನಮ್ಮ ಓಣಿಯಲ್ಲಿ ಮನೆ ಮನೆಗೆ ಹೋಗಿ ನಿಜ ಹೇಳಿದಳು. ಗುಡ್ಡ ಕೊರೆದು ಮಾಡಿದ ಬೌದ್ಧರ ಗವಿಗಳು, ಬಹಳ ಹಳೆಯ ಶಿಲ್ಪಗಳು, ಚಿತ್ರಗಳು, ನೋಡಲೇಬೇಕು ಅಂದಳು. ಎಲ್ಲರೂ ಚಹಾ ಕೊಟ್ಟು ಕಳಿಸಿದರು. ಮರುದಿನ ನಾನು ಹೊರಟೆ. "ದೊಡ್ಡ ಗುಡಿ ಅದ, ಬರ್ರಿ" ಅಂದೆ. ಹೊತ್ತು ಮುಳುಗುವುದರೊಳಗೆ ಗಾಡಿ ತುಂಬಿತು. ಬಾಗಲವಾಡದಿಂದ ಕೂಡ ಮೂವರು ಬಂದರು.

ಮಾಲೀಕನ ತಾಯಿ ಇರುವುದು ದೇವದುರ್ಗದಲ್ಲಿ. ನಾವು ಮಾನ್ವಿಯಿಂದ ಹೊರಟು ಅವರ ಮನೆ ಮುಂದೆ ಗಾಡಿ ನಿಲ್ಲಿಸಿದೆವು. ಗಟ್ಟಿ ಆಳು, ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಹಾಗಾಗಿ ನನಗೆ ಅಕ್ಕನವರು, ಹಣೆ ತುಂಬ ವಿಭೂತಿ, ಅದರ ಕೆಳಗೆ ರೂಪಾಯಿ ಅಗಲದ ಕುಂಕುಮ. ಗಂಡ ಇನ್ನೂ ಇದ್ದಾರೆ, ಬಾಗಿಲಲ್ಲಿ ನಿಂತು ಕೈ ಬೀಸಿದರು; ಹೆಂಡತಿ ನಾಲ್ಕೈದು ದಿನ ಮನೆಯಲ್ಲಿ ಇರುವುದಿಲ್ಲ ಎಂಬ ಖುಷಿ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ಅಕ್ಕನವರು ಮುಂದಿನ ಸೀಟಿನಲ್ಲಿ ಕೂತು, ತಿರುಗಿ, ಗಾಡಿಯಲ್ಲಿದ್ದ ಎಲ್ಲರಿಗೂ ತಮ್ಮ ನೇಮ ಹೇಳಿದರು.

"ನಾ ಯಾವ ಕ್ಷೇತ್ರಕ್ಕ ಹೋದ್ರೂ ಅಲ್ಲಿ ದೇವಿಗೆ ಉಡಿ ತುಂಬೂತನಕ ಬಾಯಾಗ ತುತ್ತು ಹಾಕಂಗಿಲ್ಲ. ಇಲ್ಲಿತನ ತಪ್ಪಿಲ್ಲ. ಮದಲ ಹೇಳೀನಿ, ಆಮ್ಯಾಲ ಅನಬ್ಯಾಡ್ರಿ."

ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಕಿಟಕಿಯ ಹೊರಗಿನ ಹತ್ತಿ ಹೊಲ ನೋಡಿದೆ.

ಉಡಿ ತುಂಬುವುದೆಂದರೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನ ಬೇರು, ಅಡಿಕೆ, ಎಲೆ, ಜೊತೆಗೊಂದು ಕುಬಸದ ಖಣ, ಇಷ್ಟನ್ನೂ ದೇವಿಯ ಮಡಿಲಿಗೋ ಮುತ್ತೈದೆಯ ಸೆರಗಿಗೋ ಹಾಕಿ ಕೈ ಮುಗಿಯುವುದು. ನನ್ನ ಗಂಡ ಹೋದ ಮೇಲೆ ನನ್ನ ಕೈಯಿಂದ ಯಾರೂ ತುಂಬಿಸಿಕೊಳ್ಳುವುದಿಲ್ಲ. ನನಗೇನೂ ಬೇಜಾರಿಲ್ಲ. ಅಷ್ಟು ಅಕ್ಕಿ ಮನೆಯಲ್ಲಿ ಉಳಿಯುತ್ತದೆ.

ಎರಡು ದಿನದ ದಾರಿ, ನಡುವೆ ವಸ್ತಿ. ಮೂರನೆಯ ದಿನ ಬೆಳಿಗ್ಗೆ ಗುಡ್ಡದ ಕೆಳಗೆ ಇಳಿದೆವು. ಬುತ್ತಿಯ ಗಂಟುಗಳನ್ನೆಲ್ಲ ಗಾಡಿಯಲ್ಲೇ ಬಿಟ್ಟು ಬರ್ರಿ, ನೀರಿನ ಬಾಟಲಿ ಸಾಕು ಎಂದು ಹುಡುಗಿ ಹೇಳಿದಳು. ಎಲ್ಲರೂ ಬಿಟ್ಟರು. ದೇವದುರ್ಗದ ಅಕ್ಕನವರ ಸೆರಗಿನ ಅಡಿಯಲ್ಲಿ, ಸೊಂಟದ ಹತ್ತಿರ, ಏನೋ ಉಬ್ಬಿದ್ದು ನನಗೆ ಕಂಡಿತು.

"ಎಷ್ಟು ತಿಂಗಳರೀ ಅಕ್ಕಾರ?" ಅಂದೆ.

"ಬಾಯಿ ಮುಚ್ಚಬೇ" ಅಂದರು. ಆದರೆ ಅವರಿಗೂ ನಗು ತಡೆಯಲಿಲ್ಲ. ಕಾವಲಿನವರು ಚೀಲಗಳನ್ನು ನೋಡಿದರೇ ಹೊರತು ಮುದುಕಿಯ ಸೊಂಟವನ್ನು ನೋಡಲಿಲ್ಲ.

ಮೆಟ್ಟಿಲು ಶುರುವಾಗುವಲ್ಲಿ ಕುರ್ಚಿಗೆ ಕೋಲು ಕಟ್ಟಿಕೊಂಡು ನಾಲ್ಕು ನಾಲ್ಕು ಜನ ನಿಂತಿದ್ದರು. ನಡೆಯಲಾರದವರನ್ನು ಹೊತ್ತುಕೊಂಡು ಹೋಗುತ್ತಾರೆ. ನನ್ನ ಮೊಣಕಾಲು ನೋಡಿ ಒಂದು ಗುಂಪು ನನ್ನ ಹಿಂದೆಯೇ ಬಂತು. "ನಾಕು ಮಂದಿ ಹೊರೋದು ನನಗ ಒಮ್ಮೆ ಅದ, ಈಗಲ್ಲ" ಅಂದೆ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಒಬ್ಬ ನಕ್ಕ. ಅಂಥ ಮಾತು ಅವರಿಗೆ ದಿನವೂ ಕೇಳಿಸುತ್ತಿರಬೇಕು.

ಬಾಗಿಲ ಹತ್ತಿರದ ಗವಿಗಳಲ್ಲಿ ಗದ್ದಲ, ಕಡೆಯಿಂದ ಶುರು ಮಾಡಿ ಹಿಂದಕ್ಕೆ ಬರೋಣ ಅಂದಳು ಹುಡುಗಿ. ಬುದ್ಧಿವಂತಿಕೆಯೇ. ಹೊಟ್ಟೆ ತುಂಬಿದವರಿಗೆ. ಕುದುರೆ ಲಾಳದಂತೆ ಬಾಗಿದ ಆ ಬಂಡೆಯ ಉದ್ದಕ್ಕೂ ನಡೆದು, ಹತ್ತಿ, ಇಳಿದು ಆ ಕಡೆಯ ದೊಡ್ಡ ಗವಿಗೆ ಮುಟ್ಟುವ ಹೊತ್ತಿಗೆ ನಮಗೆ ಚಹಾ, ಉಪ್ಪಿಟ್ಟು ಎರಡೂ ಕರಗಿದ್ದವು. ಅಕ್ಕನವರು ಬೆಳಗಿನಿಂದ ಬರೀ ನೀರು ಕುಡಿದಿದ್ದರು.

ಒಳಗೆ ಎಡಗಡೆ ಗೋಡೆಗೆ ಬುದ್ಧ ಮಲಗಿದ್ದಾನೆ. ನಾವು ಬಂದ ಗಾಡಿಯಷ್ಟು ಉದ್ದ. ತಲೆಯ ಕೆಳಗೆ ಕಲ್ಲಿನ ದಿಂಬು, ಅದು ತಲೆಯ ಭಾರಕ್ಕೆ ತಗ್ಗಿದಂತೆ ಕಡೆದಿದ್ದಾರೆ. ಬಾಗಲವಾಡದ ಒಬ್ಬಾಕೆ ಒಳಗೆ ಬಂದವಳೇ ದನಿ ಇಳಿಸಿದಳು.

"ಸಾವಕಾಶ ಮಾತಾಡ್ರಿ. ಮಲಗ್ಯಾನ."

"ಮಲಗಿಲ್ರಿ," ಅಂದಳು ಹುಡುಗಿ. "ಇದು ಬುದ್ಧನ ಕೊನಿ ಗಳಿಗಿ. ಕೆಳಗ ನೋಡ್ರಿ, ಶಿಷ್ಯರು ಅಳಾಕತ್ಯಾರ."

ಅಕ್ಕನವರು ಹತ್ತಿರ ಹೋಗಿ ನೋಡಿದರು. "ಸಾಯಾಕತ್ತಾಂವನ ಮಾರಿ ಹಿಂಗ ಇರತದೇನು?"

"ನಮ್ಮ ಮನಿಯವರದಂತೂ ಇರಲಿಲ್ರಿ," ಅಂದೆ ನಾನು. "ಕೊನಿಗಳಿಗಿಗೂ ಚಾಕ್ಕ ಸಕ್ರಿ ಕಡಿಮಿ ಆಗ್ಯಾದಂತ ನನ್ನ ಕೂಡ ಜಗಳಾಡಿದ್ರು."

ಎಲ್ಲರೂ ನಕ್ಕರು. ನಾನು ಮಾತ್ರ ಆ ಮುಖವನ್ನು ಸ್ವಲ್ಪ ಹೊತ್ತು ನೋಡಿದೆ. ಅದನ್ನು ಕಡೆದವನು ಸಾಯುವವರನ್ನು ಎಂದೂ ನೋಡಿರಲಿಕ್ಕಿಲ್ಲ, ಇಲ್ಲವೇ ಬಹಳ ಜನರನ್ನು ನೋಡಿರಬೇಕು. ಎರಡರಲ್ಲಿ ಯಾವುದೆಂದು ನನಗೆ ತಿಳಿಯಲಿಲ್ಲ.

ಅಲ್ಲಿಂದ ಗವಿಯ ಮೇಲೆ ಗವಿ. ಕೂತ ಬುದ್ಧ, ನಿಂತ ಬುದ್ಧ, ಪಾಠ ಹೇಳುವ ಬುದ್ಧ. ಹುಡುಗಿ ಚೆನ್ನಾಗಿಯೇ ಹೇಳುತ್ತಿದ್ದಳು. ಇದು ಪೂಜೆಯ ಗವಿ, ಇದು ಸನ್ಯಾಸಿಗಳು ಇರುತ್ತಿದ್ದ ಗವಿ, ಈ ಸಣ್ಣ ಕೋಣೆಯಲ್ಲಿ ಕಲ್ಲಿನ ಮಂಚದ ಮೇಲೆ ಮಲಗುತ್ತಿದ್ದರು. ಅಕ್ಕನವರು ಪ್ರತಿ ಗವಿಯಲ್ಲೂ ಒಂದೇ ಮಾತು ಕೇಳುತ್ತಿದ್ದರು.

"ಹೆಣ್ಣದೇವರು ಎಲ್ಲಿ ಅದಾಳ?"

"ಮುಂದದ್ರಿ ಅಮ್ಮಾರ."

"ಎಷ್ಟು ಮುಂದ?"

ಹಸಿದವರಿಗೆ ಬೇರೆ ಪ್ರಶ್ನೆಗಳೂ ಹೊಳೆಯುತ್ತವೆ. "ಈ ಸನ್ಯಾಸಿಗೋಳು ಉಣ್ತಿದ್ದದ್ದೆಲ್ಲಿ?" ಅಂದರು. ಭಿಕ್ಷೆ ಬೇಡಿ ಉಣ್ಣುತ್ತಿದ್ದರು ಅಂದಳು ಹುಡುಗಿ. "ಈ ಅಡವ್ಯಾಗ ಭಿಕ್ಷಾ ನೀಡೋರ್ಯಾರಬೇ? ಮಂಗ್ಯಾ?" ಅಂದರು. ಹಿಂದೆ ಇಲ್ಲಿ ವ್ಯಾಪಾರದ ದಾರಿ ಇತ್ತು, ಸಾಹುಕಾರರು ಕೊಡುತ್ತಿದ್ದರು ಎಂದು ಹುಡುಗಿ ವಿವರಿಸಿದಳು. ಅಕ್ಕನವರು ಒಪ್ಪಿದಂತೆ ಕಾಣಲಿಲ್ಲ. ಮುಖ ನಿಧಾನಕ್ಕೆ ಸಿಂಡರಿಸತೊಡಗಿತ್ತು. ಹುಡುಗಿಯ ಕೆಲಸ ಆ ಮುಖದ ಮೇಲೆ ನಿಂತಿತ್ತು, ಆ ಮುಖ ಉಪವಾಸದ ಮೇಲೆ.

ನಾನೇ ಏನಾದರೂ ಮಾಡಬೇಕು ಅಂದುಕೊಂಡೆ. ಅಲ್ಲಿಯೇ ಕೆಟ್ಟದ್ದು.

ಬಾಗಿಲಿನಿಂದ ಎರಡನೆಯದು, ನಮಗೆ ಕಡೆಯಿಂದ ಎರಡನೆಯದು, ಆ ಗವಿಗೆ ಬಂದೆವು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ನೆಲ ತಣ್ಣಗೆ, ಬೆಳಕು ಮಬ್ಬು. ಹುಡುಗಿ ಎಲ್ಲರನ್ನೂ ನಡುವೆ ನಿಲ್ಲಿಸಿ ತಲೆ ಮೇಲೆತ್ತಿಸಿ ಛತ್ತಿನ ಚಿತ್ರ ತೋರಿಸುತ್ತಿದ್ದಳು. ನನಗೆ ಕುತ್ತಿಗೆ ನೋವು, ಮೇಲೆ ನೋಡಲಾಗುವುದಿಲ್ಲ. ಹಾಗಾಗಿ ಬಲಗಡೆಯ ಸಣ್ಣ ಗರ್ಭಗುಡಿಯಂಥ ಕೋಣೆಯಲ್ಲಿ ಏನಿದೆ ಎಂದು ಇಣುಕಿದೆ. ದಪ್ಪ ಗಂಡ, ತುಂಬು ಮೈಯ ಹೆಂಡತಿ, ಜೋಡಿಯಾಗಿ ಕೂತಿದ್ದರು. ಹೆಂಡತಿಯ ತೊಡೆಯ ಮೇಲೆ ಒಂದು ಕೂಸು.

ನಾನು ಹೋಗಿ ಅಕ್ಕನವರ ರಟ್ಟೆ ಹಿಡಿದೆ. "ಸಿಕ್ಕಳು ಬರ್ರಿ ನಿಮ್ಮಾಕಿ. ಕೂಸಿನ ತಾಯಿ ಅದಾಳ. ಲಗೂನ ತುಂಬ್ರಿ, ಉಣ್ಣಾಕ ಹೋಗೋಣ."

ಅಕ್ಕನವರು ಹೆಂಗಸಿನ ಮುಖ ನೋಡಿದರು, ಕೂಸು ನೋಡಿದರು, "ಯವ್ವಾ, ತಾಯಿ" ಅಂದರು. ಸೊಂಟದ ಗಂಟು ಬಿಚ್ಚಿದರು. ಹಸಿರು ಖಣ, ಅದರ ಮೇಲೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲ್ಲ ಎಡಗೈ ಮೇಲೆ ಜೋಡಿಸಿಕೊಂಡು, ಬಲಗೈ ಬೆರಳನ್ನು ಕುಂಕುಮದಲ್ಲಿ ಅದ್ದಿ, ಅಡ್ಡಕ್ಕಿದ್ದ ಕಟ್ಟಿಗೆಯ ಕಟಕಟೆಯ ಆಚೆ ಒಂದು ಕಾಲು ಹಾಕಿದರು. ಆ ವಯಸ್ಸಿನಲ್ಲಿ ಅಷ್ಟು ಎತ್ತರ ಕಾಲು ಎತ್ತಿದ್ದು ನೋಡಿ ನನಗೇ ಆಶ್ಚರ್ಯವಾಯಿತು.

ಹುಡುಗಿ ಯಾವಾಗ ತಿರುಗಿ ನೋಡಿದಳೋ ಗೊತ್ತಿಲ್ಲ. ಕೂಗಲಿಲ್ಲ. ಓಡಿ ಬಂದು ಕಲ್ಲಿಗೂ ಅವರಿಗೂ ನಡುವೆ ನಿಂತು ಅವರ ಮುಂಗೈ ಹಿಡಿದಳು. ಕುಂಕುಮದ ಬೆರಳು ಅವಳ ಬಿಳಿ ದುಪಟ್ಟಾದ ಮೇಲೆ ಒಂದು ಗೆರೆ ಎಳೆಯಿತು.

"ಸರಿಯಬೇ ಹಿಂದಕ."

"ಇಲ್ರಿ ಅಮ್ಮಾರ."

"ಯಾರಿಗೆ ಇಲ್ಲ ಅನ್ನಾಕತ್ತಿ?"

"ನಿಮಗರಿ. ಭಾಳ ಹಳೀ ಕಲ್ಲದ. ಕುಂಕುಮ, ಎಣ್ಣಿ, ಕೈ ಬೆವರು, ಎಲ್ಲಾ ಇದನ್ನ ತಿಂತಾವರಿ. ಇವತ್ತು ನೀವು ಹಚ್ಚಿದ್ರ ನಾಳಿ ಇನ್ನೊಬ್ರು ಹಚ್ತಾರ. ಕಡೀಕ ಆ ಕೂಸಿಗೆ ಮೂಗ ಇರಂಗಿಲ್ಲ."

ಕೆಲಸ ಹೋಯಿತು ಅಂದುಕೊಂಡೆ ನಾನು. ಹೋಗುವ ಕೆಲಸವನ್ನು ಹಿಡಿದು ನಿಲ್ಲಿಸಲು ಮಧ್ಯೆ ಬಾಯಿ ಹಾಕಿದೆ. "ಒಂದ್ ಬೊಟ್ಟು ಇಡ್ಲಿ ಬಿಡವಾ. ಅಷ್ಟಕ್ಕ ಏನಾಗ್ತದ?"

"ನೀ ಸುಮ್ನಿರಜ್ಜಿ. ಇದೆಲ್ಲಾ ಆಗಿದ್ದ ನಿನ್ನಿಂದ" ಅಂದಳು ಹುಡುಗಿ, ಎಲ್ಲರ ಮುಂದೆ. "ಗುಡಿ ಅಂತ ಹೇಳಿ ಕರಕೊಂಡು ಬಂದಾಕಿ ನೀನ."

ಅಕ್ಕನವರು ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟುಕೊಂಡೇ ಕೇಳಿದರು: "ಗುಡಿ ಅಲ್ಲೇನು ಇದು?"

"ಗುಡಿ ಹೌದ್ರಿ. ಆದ್ರ ಪೂಜಿ ನಿಂತು ಭಾಳ ಕಾಲ ಆತು. ಕೈ ಮುಗೀರಿ, ಯಾರೂ ಬ್ಯಾಡ ಅನ್ನಂಗಿಲ್ಲ. ಮುಟ್ಟಬ್ಯಾಡ್ರಿ. ಮದಲ ಈಕಿ ಯಾರು ಅಂತ ಕೇಳ್ರಿ, ಆಮ್ಯಾಲ ಉಡಿ ವಿಚಾರ ಮಾಡ್ರಿ."

ಹಿಡಿದ ಕೈ ಬಿಡದೆ, ಅವರನ್ನು ಈಚೆಗೆ ದಾಟಿಸುತ್ತಲೇ ಕಥೆ ಹೇಳಿದಳು. ಇವಳ ಹೆಸರು ಹಾರೀತಿ. ಇವಳಿಗೆ ಎಣಿಸಲಾಗದಷ್ಟು ಮಕ್ಕಳು. ತನ್ನ ಮಕ್ಕಳನ್ನು ಮುದ್ದು ಮಾಡುತ್ತಾ, ಊರಿನವರ ಮಕ್ಕಳನ್ನು ಹಿಡಿದು ತಿನ್ನುತ್ತಿದ್ದಳು. ಜನ ಬುದ್ಧನ ಹತ್ತಿರ ಹೋಗಿ ಅತ್ತರು. ಬುದ್ಧ ಇವಳ ಕಡೆಯ ಕೂಸನ್ನು ತನ್ನ ಭಿಕ್ಷಾಪಾತ್ರೆಯ ಕೆಳಗೆ ಬಚ್ಚಿಟ್ಟ. ಇವಳು ಎದೆ ಬಡಿದುಕೊಂಡು ಲೋಕವೆಲ್ಲ ಹುಡುಕಿ ಬಂದಳು. ಅಷ್ಟು ಮಕ್ಕಳಲ್ಲಿ ಒಂದು ಕಾಣದ್ದಕ್ಕೆ ನಿನಗೆ ಹೀಗಾಯಿತು, ಒಂದೇ ಇದ್ದವರ ಕೂಸನ್ನು ನೀನು ತಿಂದಾಗ ಅವರಿಗೆ ಹೇಗಾಗಿರಬೇಕು ಎಂದು ಬುದ್ಧ ಕೇಳಿದ. ಅಂದಿನಿಂದ ತಿನ್ನುವುದನ್ನು ಬಿಟ್ಟು, ಮಕ್ಕಳನ್ನು ಕಾಯುವವಳಾದಳು.

ಅಕ್ಕನವರು ಬಾಯಿ ತೆರೆದುಕೊಂಡು ಕೇಳಿದರು. ಆಮೇಲೆ ತಿರುಗಿದ್ದು ನನ್ನ ಕಡೆಗೆ.

"ಕೂಸು ತಿನ್ನಾಕಿಗೆ ಉಡಿ ತುಂಬಾಕ ಹಚ್ಚಿದ್ಯಲ್ಲಬೇ ನನ್ನ!"

"ಈಗ ಬಿಟ್ಟಾಳಂತಲ್ರಿ," ಅಂದೆ.

ಬಾಗಲವಾಡದಾಕೆ ನನ್ನ ನೆರವಿಗೆ ಬಂದಳು. "ನಮ್ಮ ನೀರಮಾನ್ವಿ ಎಲ್ಲಮ್ಮನೇನು ಕಡಿಮಿ ಸಿಟ್ಟಿನಾಕ್ಯಾ? ಸಿಟ್ಟಿನಾಕೀನ ಕಾಯ್ತಾಳ್ರಿ ಛಲೋತ್ನಾಗ."

ಅಷ್ಟರಲ್ಲಿ ಸೀಟಿ ಊದುತ್ತ ಕಾವಲಿನ ಹೆಂಗಸು ಬಂದಳು. ಖಾಕಿ ಬಣ್ಣದ ಪ್ಯಾಂಟು, ಅಂಗಿ. ಮರಾಠಿಯಲ್ಲಿ ಬೈಯಲು ಶುರು ಮಾಡಿದಳು. ಬೈಗುಳದಲ್ಲಿ 'ನಕೋ' ಎಂಬುದು ಮಾತ್ರ ನನಗೆ ತಿಳಿಯಿತು. ನಮ್ಮ ಸಂತೆಯಲ್ಲಿ ಬಳೆ ಮಾರುವವರೂ ಬೇಡ ಅನ್ನಲು ಅದನ್ನೇ ಅನ್ನುತ್ತಾರೆ. ಅಕ್ಕನವರ ಕೈಯಲ್ಲಿದ್ದ ಖಣ, ಕೊಬ್ಬರಿ ನೋಡಿದ ಕೂಡಲೇ ಅವಳ ದನಿ ಇಳಿಯಿತು. ಅವರ ಕಡೆಯೂ ಅದೇ ಪದ್ಧತಿ ಇದೆಯಂತೆ. ಒಂದು ಕಾಳೂ ಕೆಳಗೆ ಬೀಳಿಸದೆ ಹೊರಗೆ ನಡೆಯಿರಿ ಎಂದು ಕೈ ತೋರಿಸಿದಳು.

ಹೊರಗೆ ಪಡಸಾಲೆಗೆ ಬಂದೆವು. ಈಗ ಬೇರೆ ತೊಡಕು. ಉಡಿಗೆಂದು ಒಮ್ಮೆ ಬಿಚ್ಚಿ ಕೈಮೇಲೆ ಹಿಡಿದ ಅಕ್ಕಿಯನ್ನು ತಿರುಗಿ ಗಂಟು ಕಟ್ಟುವಂತಿಲ್ಲ. ಯಾರದಾದರೂ ಮಡಿಲು ಸೇರಲೇಬೇಕು. ಅಕ್ಕನವರು ಎಡಗೈ ಚಾಚಿಕೊಂಡು ನಿಂತೇ ಇದ್ದರು. ಹುಡುಗಿಯ ಕಡೆ ನೋಡುತ್ತಿರಲಿಲ್ಲ. ಹುಡುಗಿಯೂ ಸುಮ್ಮನೆ ದುಪಟ್ಟಾದ ಕುಂಕುಮ ಉಜ್ಜುತ್ತಿದ್ದಳು. ಅಂದರೆ ಇನ್ನಷ್ಟು ಹರಡುತ್ತಿದ್ದಳು.

ಕಾವಲಿನವಳ ಅಂಗಿಯ ತೋಳಿನ ತುದಿಯಲ್ಲಿ ಹಸಿರು ಬಳೆ, ಕೊರಳಲ್ಲಿ ಕರಿಮಣಿ ನನಗೆ ಕಂಡವು.

"ಅಕ್ಕಾರ," ಅಂದೆ, "ಆಕಿ ಮಕ್ಕಳನ್ನ ಕಾಯ್ತಾಳ. ಆಕೀನ ಈಕಿ ಕಾಯ್ತಾಳ. ಈಕಿಗೇ ತುಂಬ್ರಿ."

ಅಕ್ಕನವರು ಹೂಂ ಅಂದರು. ನಾನು ಸಂತೆಯ ಹಿಂದಿ ಮಾತಿನಲ್ಲಿ ಕಾವಲಿನವಳಿಗೆ ಹೇಳಿದೆ. ಅವಳು ನಾಚಿದಳು, ಆಮೇಲೆ ಗಡಿಯಾರ ತೋರಿಸಿದಳು. ಊಟದ ಬಿಡುವು ಇನ್ನೂ ಒಂದು ತಾಸಿಗೆ. ಡ್ಯೂಟಿಯ ಮೇಲೆ ತುಂಬಿಸಿಕೊಳ್ಳುವಂತಿಲ್ಲ.

"ಇನ್ನೊಂದ್ ತಾಸು ಉಪಾಸಾ?" ಅಂದರು ಅಕ್ಕನವರು. ಉಡಿಯನ್ನು ಖಣದ ಸಮೇತ ಬಾಗಲವಾಡದಾಕೆಯ ಕೈಗೆ ಹಿಡಿಸಿ ಕಲ್ಲಿನ ಕಟ್ಟೆಯ ಮೇಲೆ ಕೂತರು. ಸ್ವಲ್ಪ ಹೊತ್ತು ಕೂತು ಬೇಜಾರಾಯಿತು. ಎದ್ದರು. "ಏ ಹುಡುಗಿ. ಬಾ. ಆ ಕೂಸು ತಿನ್ನಾಕಿ ಕೆಳಗ ಸಣ್ಣ ಸಣ್ಣ ಗೊಂಬಿ ಇದ್ವಲ್ಲ, ಅವೇನು ಹೇಳು."

ಮತ್ತೆ ಒಳಗೆ ಹೋದೆವು. ಹುಡುಗಿ ಕಟಕಟೆಯ ಈಚೆ ನಿಂತು ತೋರಿಸಿದಳು. ಹಾರೀತಿಯ ಕಾಲ ಕೆಳಗೆ ಉದ್ದಕ್ಕೂ ಮಕ್ಕಳ ಸಾಲು. ಒಂದು ತುದಿಗೆ ಮಾಸ್ತರ, ಕೈಯಲ್ಲಿ ಬೆತ್ತ. ಅವನ ಮುಂದಿನ ಮಕ್ಕಳು ತಲೆ ತಗ್ಗಿಸಿ ಬರೆಯುತ್ತಿವೆ. ಹಿಂದಿನವು ಪಾಠ ಬಿಟ್ಟು ಟಗರು ಕಾದಿಸುತ್ತಿವೆ.

ಟಗರು! ಅಷ್ಟು ದೂರ ಹೋಗಿ ನಾನು ಗುರುತು ಹಿಡಿದದ್ದು ಅದೊಂದನ್ನೇ. ನಾನು ಎರಡನೆಯ ಇಯತ್ತೆಯ ನಡುವೆ ಶಾಲೆ ಬಿಟ್ಟವಳು. ನಮ್ಮಪ್ಪನ ಕುರಿ ಹಿಂಡಿಗೆ ಆಳು ಬೇಕಿತ್ತು. ನನಗೂ ಮಾಸ್ತರರಿಗಿಂತ ಟಗರೇ ಚೆನ್ನಾಗಿ ಮಾತು ಕೇಳುತ್ತಿತ್ತು. ಶಾಲೆ ಬಿಟ್ಟದ್ದಕ್ಕೆ ಅತ್ತೆನೆಂದು ಹೇಳಿದರೆ ಸುಳ್ಳಾಗುತ್ತದೆ. ಈ ಬರವಣಿಗೆ ಕಲಿತದ್ದೆಲ್ಲ ಆಮೇಲೆ, ಮಕ್ಕಳ ಪುಸ್ತಕ ನೋಡಿ ನೋಡಿ.

"ನಾ ಇದ್ದದ್ದು ಈ ಕಡಿ ಸಾಲಿನಾಗ" ಅಂದೆ.

"ನೋಡಿದ್ರ ತಿಳೀತದ," ಅಂದರು ಅಕ್ಕನವರು. ಅವತ್ತು ಅವರು ಮನಸ್ಸು ಬಿಚ್ಚಿ ನಕ್ಕದ್ದು ಆಗಲೇ. ಆಮೇಲೆ ಬಗ್ಗಿ ಬಹಳ ಹೊತ್ತು ನೋಡಿ ಹುಡುಗಿಗೆ ಹೇಳಿದರು: "ಇದನ್ನ ಕಡದಾಂವಗ ಮನ್ಯಾಗ ಮಕ್ಕಳಿದ್ವು ಬಿಡು. ಇಲ್ಲಂದ್ರ ಹಿಂದ ಕುಂತೋರು ಏನ್ಮಾಡ್ತಾರಂತ ಅವಗ ಹೆಂಗ ಗೊತ್ತಾಗಬೇಕು?"

"ಈ ಮಾತು ನಮಗ ಯಾರೂ ಹೇಳಿಕೊಟ್ಟಿಲ್ರಿ ಅಮ್ಮಾರ," ಅಂದಳು ಹುಡುಗಿ. "ಇನ್ನ ಮುಂದ ಬಂದೋರಿಗೆ ಹೇಳ್ತೀನಿ." ಹೇಳಿದ ಮೇಲೆ ಅವಳಿಗೆ ನೆನಪಾಯಿತು, ಇನ್ನು ಮುಂದೆ ಯಾರಾದರೂ ಬರುತ್ತಾರೋ ಇಲ್ಲವೋ ಎಂದು. ತಲೆ ತಗ್ಗಿಸಿದಳು.

ಬಿಡುವಾದ ಮೇಲೆ ಕಾವಲಿನವಳು ನಾವು ಹೊರಗೆ ಕಾಯುತ್ತಿದ್ದ ಮರದ ಕೆಳಗೆ ಬಂದಳು. ಆಗ ಎಲ್ಲರಿಗೂ ಒಂದೇ ಸಲ ಹೊಳೆಯಿತು: ಪ್ಯಾಂಟು ಹಾಕಿದವಳಿಗೆ ಸೆರಗೆಲ್ಲಿ? ಅವಳು ಟೋಪಿ ಮುಂದೆ ಹಿಡಿದಳು. ಅಕ್ಕನವರು ಟೋಪಿಗೆ ಉಡಿ ತುಂಬುವುದಿಲ್ಲ ಅಂದರು. ಕಡೆಗೆ ಹುಡುಗಿ ತನ್ನ ದುಪಟ್ಟಾವನ್ನೇ ಅವಳ ಸೊಂಟಕ್ಕೆ ಸುತ್ತಿ ಮಡಿಲು ಮಾಡಿಕೊಟ್ಟಳು. ಅಕ್ಕನವರು ಕುಂಕುಮ ಹಚ್ಚಿ, ಉಡಿ ತುಂಬಿ, ಕೈ ಮುಗಿದರು. ಅವಳು ನಮ್ಮವರಂತೆಯೇ ನಾಲ್ಕು ಕಾಳು ಅಕ್ಕಿ ತಿರುಗಿ ಕೊಟ್ಟು, ಬಗ್ಗಿ ಕಾಲು ಮುಟ್ಟಿದಳು. ಮಂಗಗಳು ಕೊಬ್ಬರಿಯನ್ನೇ ನೋಡುತ್ತ ಸುತ್ತ ಕೂತಿದ್ದವು.

ಗಾಡಿಗೆ ಬಂದು ಬುತ್ತಿ ಬಿಚ್ಚಿದೆವು. ಅಕ್ಕನವರು ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಉಪ್ಪಿನಕಾಯಿ ಮುಗಿಸಿದರು. ನೀರು ಕುಡಿದು, ಫೋನು ತೆಗೆದು ಮಗನಿಗೆ ಹಚ್ಚಿದರು. ಕಿವಿ ಮಂದ, ಹಾಗಾಗಿ ಸ್ಪೀಕರ್ ಹಾಕುತ್ತಾರೆ. ಎಲ್ಲರ ಕೈಯಲ್ಲಿ ತುತ್ತು ಅಲ್ಲಲ್ಲೇ ನಿಂತಿತು.

"ಹೆಂಗಾತವಾ?" ಅಂದ ಮಗ.

"ಹೆಂಗಾತಂದ್ರ? ಬೆಳಗ್ಗಿಂದ ಉಪಾಸ ಕೆಡವಿದಳು. ಮಂದಿ ಮುಂದ ನನ್ನ ಕೈ ಹಿಡದು ತಡದಳು."

"ಕೈ ಹಿಡದಳಾ? ಹಂಗಾದ್ರ ಬ್ಯಾಡ ಬಿಡವಾ. ನಾ ಆಕಿಗೆ ಹೇಳ್ತೀನಿ."

"ಬ್ಯಾಡ ಅಂತ ಯಾರಂದ್ರಲೇ? ಪೂರಾ ಕೇಳು. ನಿನ್ನ ಡ್ರೈವರ ನಾ ಅಂದಲ್ಲಿ ಗಾಡಿ ನಿಲ್ಲಸ್ತಾನ. ನಿನ್ನ ಮನಿ ಅಡಿಗಿಯಾಂವ ನಾ ಅಂದದ್ದಕ್ಕೆಲ್ಲಾ ಹೂಂ ಅಂತಾನ. ನೀ ಅಂತೂ ಬಿಡು. ನನಗ ಇಲ್ಲ ಅನ್ನಾಕಿ ಒಬ್ಬಾಕಿ ಇರ್ಲಿ. ಆ ಕೂಸಿನ ಮೂಗು ಉಳೀಬೇಕಂದ್ರ ಈ ಹುಡುಗೀನ ಬೇಕು."

"ಯಾವ ಕೂಸವಾ?"

"ನಿನಗ ತಿಳಿಯಂಗಿಲ್ಲ. ಮುಂದಿನ ತಿಂಗಳು ದೇವದುರ್ಗದಿಂದ ಒಂದ್ ಗಾಡಿ ತುಂಬಸ್ತೀನಿ. ಉಡಿ ತರಬ್ಯಾಡ್ರಿ, ಹೊಟ್ಟಿ ತುಂಬ ಉಂಡು ಬರ್ರಿ ಅಂತ ನಾನ ಹೇಳ್ತೀನಿ ಮಂದಿಗೆ."

ಹುಡುಗಿ ಕೈ ತೊಳೆದುಕೊಳ್ಳದೆಯೇ ಫೋನಿನ ಹತ್ತಿರ ಬಗ್ಗಿದಳು. ಥ್ಯಾಂಕ್ಸ್ ಹೇಳುತ್ತಾಳೆ ಅಂದುಕೊಂಡೆ.

"ಸರ್, ಒಂದ್ ಮಾತದರಿ. ಇನ್ನಮ್ಯಾಲ ಮಂದಿ ಕೂಡಿಸೋ ಕೆಲಸಕ್ಕ ನಮ್ಮಜ್ಜೀನ ಕಳಸಬ್ಯಾಡ್ರಿ."

ಗಾಡಿಯ ಸುತ್ತ ಕೂತವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಕ್ಕನವರು. ಉಂಡ ಹೊಟ್ಟೆ, ದನಿ ಬಂದಿತ್ತು. ನಾನು ಸಿಟ್ಟಾಗಬೇಕಿತ್ತು. ಆದರೆ ಹುಡುಗಿ ಆ ಮಾತು ಹೇಳಿದ ರೀತಿ ಹೇಗಿತ್ತೆಂದರೆ, ಕೆಲಸ ಬೇಡುವವಳ ದನಿ ಹೋಗಿ ಕೆಲಸ ಮಾಡುವವಳ ದನಿ ಆಗಿತ್ತು. ಹಿಂದಿನ ಸೀಟಿಗೆ ಹೋಗಿ ಕಾಲು ಚಾಚಿ ಮಲಗಿದೆ. ಅವಳು ಸೋಲಾಪುರದವರೆಗೂ ಮಾತಾಡುತ್ತಲೇ ಇದ್ದಳು. ಅಕ್ಕನವರು ಕೇಳುತ್ತಲೇ ಇದ್ದರು. ನನ್ನನ್ನು ಯಾರೂ ಎಬ್ಬಿಸಲಿಲ್ಲ.